ಹಾರ್ಮೋನಿಯಂ ಬರುತ್ತೆ, ಪಿಯಾನೋಕ್ಕೆ ಎಡಗೈ ಬರ್ತಿಲ್ಲ. ನಲವತ್ತು ದಾಟಿದ ಮೇಲೆ ಕಲ್ತೋರು ಯಾರಾದ್ರೂ ಇದ್ದೀರಾ?

ಕರಿ_ನಾಲ್ಕು:
ಎಲ್ಲರಿಗೂ ನಮಸ್ಕಾರ. ನಮ್ದು ದಾವಣಗೆರೆ, ವಿದ್ಯಾನಗರದ ಕಡೆ. ವಯಸ್ಸು 43. ಚಿಕ್ಕೋನಿದ್ದಾಗಿಂದ ಹಾರ್ಮೋನಿಯಂ ನುಡಿಸ್ತೀನಿ, ನಮ್ಮಪ್ಪ ನಾಟಕ ಕಂಪನಿಲಿ ಪೇಟಿ ಮಾಸ್ತರ್ ಆಗಿದ್ರು, ಅವರತ್ರಾನೇ ಕಲ್ತಿದ್ದು. ಈಗ್ಲೂ ಶ್ರಾವಣದಾಗೆ ಪುರಾಣ ಪ್ರವಚನ, ವಚನ ಗಾಯನ, ಗಣಪತಿ ಹಬ್ಬದ ಭಜನೆ ಅಂತ ಸಾಥ್ ಕೊಡಾಕೆ ಕರೀತಾರೆ. ಹಾಡೋರು ಸಾ ಕರಿ ಒಂದು (ಸಪ್ತಕದ ಮೊದಲ್ನೇ ಕರಿ ಕೀ) ಅಂದ್ರೂ ಸೈ, ಬಿಳಿ ನಾಲ್ಕು ಅಂದ್ರೂ ಸೈ, ಅಲ್ಲೇ ಹಿಡ್ಕಂಡು ಹೋಗ್ತೀನಿ. ಜಂಬಕ್ಕೆ ಹೇಳ್ತಿಲ್ಲ, ಸಮಸ್ಯೆ ಅರ್ಥ ಆಗ್ಲಿ ಅಂತ.

ಪಿಯಾನೋ ಆಸೆ ಬಹಳ ವರ್ಷದ್ದು. ಮನೆಯೋರು ಬೈದ್ರೂ ಪರ್ವಾಗಿಲ್ಲ ಅಂತ ದೀಪಾವಳಿ ಆಫರ್‌ನಲ್ಲಿ 88 ಕೀ ಇರೋ ಡಿಜಿಟಲ್ ಪಿಯಾನೋ ತಗೊಂಡೆ. ಬಲಗೈಲಿ ಏನ್ ಬೇಕಾದ್ರೂ ಬರುತ್ತೆ, ಮನೆಯೋರೇ ತಲೆದೂಗಿದ್ರು. ಎಡಗೈ ಸೇರಿಸಿದ ಕೂಡ್ಲೆ ಎಲ್ಲ ಕುಸಿದು ಬೀಳುತ್ತೆ. ಬಲಗೈ ಮಾಡಿದ್ದನ್ನೇ ಎಡಗೈನೂ ಮಾಡಾಕೆ ಹೋಗುತ್ತೆ, ಇಲ್ಲಾಂದ್ರೆ ಮುಷ್ಟಿ ಹಿಡ್ಕಂಡು ಸುಮ್ನೆ ನಿಂತ್ಬಿಡುತ್ತೆ.

ಇನ್ನೊಂದು ತಲೆನೋವು ಪಿಯಾನೋ ಸ್ವರ ಬರೆಯೋ ಆ ಐದು ಗೆರೆ, ಸ್ಟಾಫ್ ನೊಟೇಶನ್ ಅಂತಾರಲ್ಲ ಅದು. ಆನ್‌ಲೈನ್‌ನಲ್ಲಿ ಒಬ್ರು ಮೇಡಂ ಹೇಳ್ಕೊಡ್ತಿದ್ದಾರೆ, ಮೊದಲ್ನೇ ಪುಸ್ತಕದಿಂದ್ಲೇ ಶುರು ಮಾಡಿ ಅಂತಾರೆ. ಅದ್ರಾಗಿರೋದು ಯುಕೆಜಿ ಮಕ್ಕಳ ಪದ್ಯ, ಐದೇ ಸ್ವರ. ತೋಡಿ, ಭೈರವಿ ನುಡಿಸಿದ ಕೈಲಿ ಅದನ್ನ ನುಡಿಸಬೇಕಾ? ಅದನ್ನ ಬಿಟ್ಟು ಮುಂದಕ್ಕೆ ಹಾರಬಹುದಾ? ಅನುಭವ ಇದ್ದೋರು ಹೇಳ್ರಿ.

ದುರ್ಗದ_ಗಾಳಿ:
ಎಡಗೈಗೆ ಇಷ್ಟು ವರ್ಷ ಗಾಳಿ ಹಾಕೋ ಕೆಲಸ ಕೊಟ್ಟು ಈಗ ದಿಢೀರ್ ಅಂತ ಸಾಹೇಬ್ರ ಕುರ್ಚಿ ಕೊಟ್ರೆ ಹೆಂಗ್ ಸರ್ ನಡೆಯುತ್ತೆ 😀

ಸುಮ್ನೆ_ಓದ್ತೀನಿ:
ನಂದೂ ಇದೇ ಕತೆ. ಫಾಲೋಯಿಂಗ್.

ಎಂಸಿಸಿ_ಬ್ಲಾಕ್_ಟೀಚರ್:
ನಾನು ದಾವಣಗೆರೇಲೇ ಮಕ್ಕಳಿಗೆ ಪಿಯಾನೋ ಹೇಳ್ಕೊಡ್ತೀನಿ, ದೊಡ್ಡೋರು ಕೂಡ ಬರ್ತಾರೆ, ಅದ್ರಲ್ಲಿ ಹಾರ್ಮೋನಿಯಂ ಹಿನ್ನೆಲೆ ಇರೋರು ಒಬ್ಬಿಬ್ರು ಯಾವಾಗ್ಲೂ ಇರ್ತಾರೆ. ಒಂದು ಮಾತು ನೇರವಾಗಿ ಹೇಳ್ತೀನಿ ಬೇಜಾರ್ ಮಾಡ್ಕೋಬೇಡಿ. ನಿಮ್ಮ ತೊಂದರೆ ಎಡಗೈ ಒಂದೇ ಅಲ್ಲ, ಬಲಗೈನೂ ಪಿಯಾನೋ ನುಡಿಸ್ತಾ ಇಲ್ಲ, ಹಾರ್ಮೋನಿಯಂ ನುಡಿಸ್ತಾ ಇದೆ.

ಹಾರ್ಮೋನಿಯಂನಲ್ಲಿ ಕೀ ಒತ್ತೋದು ಅಂದ್ರೆ ಗಾಳಿಗೆ ದಾರಿ ಬಿಡೋದು ಅಷ್ಟೇ. ಮೆತ್ತಗೆ ಒತ್ತಿ, ಜೋರಾಗಿ ಕುಟ್ಟಿ, ಸದ್ದು ಅಷ್ಟೇ ಬರುತ್ತೆ, ಏರಿಳಿತ ಎಲ್ಲ ಬಾತೆ (ಗಾಳಿ ಹಾಕೋ ತಿದಿ) ಕೈಲಿ ಇರುತ್ತೆ. ಪಿಯಾನೋದಲ್ಲಿ ಕೀ ಕೆಳಗೆ ಹೋಗೋ ವೇಗನೇ ಸದ್ದು. ಸುತ್ತಿಗೆ ತಂತಿಗೆ ಬಡಿದು ವಾಪಸ್ ಬಂದಾಯ್ತು ಅಂದ್ರೆ ಆ ಸ್ವರಕ್ಕೆ ನೀವು ಇನ್ನೇನೂ ಮಾಡಕ್ಕಾಗಲ್ಲ, ಅದು ಕರಗ್ತಾನೇ ಹೋಗುತ್ತೆ. ಡಿಜಿಟಲ್‌ನಲ್ಲಿ ತಂತಿ ಇರಲ್ಲ, ಸೆನ್ಸರ್ ವೇಗ ಅಳೆಯುತ್ತೆ, ಲೆಕ್ಕ ಅದೇ. ಹಾಗಾಗಿ ಹಾರ್ಮೋನಿಯಂನೋರು ಬಂದು ಕೂತ್ರೆ ಎಲ್ಲಾ ಸ್ವರ ಒಂದೇ ತೂಕದಲ್ಲಿ ಬರುತ್ತೆ, ಎಷ್ಟೇ ಫಾಸ್ಟ್ ನುಡಿಸಿದ್ರೂ ಟೈಪಿಂಗ್ ಪರೀಕ್ಷೆ ಬರೆದಂಗಿರುತ್ತೆ.

ಮಕ್ಕಳ ಪದ್ಯ ಬಿಡಬೇಡಿ. ಅದು ನಿಮ್ಮ ಕಿವಿಗೆ ಅಲ್ಲ, ಎಡಗೈಗೆ. ಬಲಗೈಗೆ ಬೇಕಾದ್ರೆ ನಿಮ್ಮ ಭೈರವಿ ಇಟ್ಕೊಳ್ಳಿ.

ಕರಿ_ನಾಲ್ಕು:
@ಎಂಸಿಸಿ_ಬ್ಲಾಕ್_ಟೀಚರ್ ಮೇಡಂ, ಟೈಪಿಂಗ್ ಅಂದಿದ್ದು ಸ್ವಲ್ಪ ಖಾರ ಆಯ್ತು. ಆದ್ರೆ ನಿನ್ನೆ ರೆಕಾರ್ಡ್ ಮಾಡ್ಕಂಡು ಕೇಳಿದೆ, ಹಂಗೇ ಐತೆ.

ಕಾಲುಪೇಟಿ_ಕಾಕಾ:
ತಮ್ಮಾ, ನಿಮ್ಮಪ್ಪ ನಾಟಕ ಕಂಪನಿಲಿ ಇದ್ರು ಅಂದ್ಯಲ್ಲ, ಅವರು ಕೈಪೇಟಿ ನುಡಿಸ್ತಿದ್ರೋ ಕಾಲುಪೇಟಿನೋ? ಕಂಪನಿ ನಾಟಕದಾಗೆ ಕಾಲುಪೇಟಿನೇ ಜಾಸ್ತಿ. ಕೆಳಗಡೆ ಎರಡು ಹಲಗೆ ಕಾಲಾಗೆ ತುಳೀತಾ ಇದ್ರೆ ಎರಡೂ ಕೈ ಖಾಲಿ. ನಮ್ಮೂರಾಗೆ ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಕಂಪನಿ ನಾಟಕ ನೋಡಿ ಬೆಳೆದೋರು ನಾವು, ಸ್ಟೇಜ್ ಮುಂದೆ ಕೂತ್ರೆ ನನ್ನ ಕಣ್ಣು ನಟರ ಮೇಲೆ ಇರ್ತಿರ್ಲಿಲ್ಲ, ಪೇಟಿ ಮಾಸ್ತರ ಕೈ ಮೇಲೇ. ಬಲಗೈ ಹಾಡಿನ ಹಿಂದೆ ಓಡ್ತಿದ್ರೆ ಎಡಗೈ ಕೆಳಗಿನ ಸಪ್ತಕದಾಗೆ ಸಾ-ಪಾ ಒತ್ತಿ ಹಿಡಿಯೋದು, ಫೈಟಿಂಗ್ ಸೀನ್ ಬಂದ್ರೆ ಎರಡು ಕೈನೂ ಸೇರಿ ಒಂದೇ ಸ್ವರ ಎರಡು ಸಪ್ತಕದಾಗೆ ಬಾರಿಸೋದು. ಎಡಗೈ ನಮಗೆ ಹೊಸದು ಅಂತ ಪಿಯಾನೋ ಮಂದಿ ಹೇಳಿದ್ರೆ ನಂಬಬೇಡ. ಕೈಪೇಟಿ ಬಂದ ಮೇಲೆ ಮರೆತಿದ್ದು ಅದು.

ಕರಿ_ನಾಲ್ಕು:
ಕಾಕಾ, ಕಾಲುಪೇಟಿನೇ! ಅಪ್ಪಂದು ಅಟ್ಟದ ಮೇಲೈತೆ, ಬಾತೆ ಹರಿದೋಗೈತೆ. ನಾನು ಕಲ್ತಿದ್ದು ಮಾತ್ರ ಕೈಪೇಟಿ, ಭಜನೆಗೆ ಹೊತ್ಕಂಡು ಹೋಗಾಕೆ ಅದೇ ಸರಿ ಅಂತ. ಆದ್ರೆ ಒಂದು ತಮಾಷೆ, ಸಣ್ಣೋನಿದ್ದಾಗ ಅಪ್ಪನ ಪೇಟಿ ತುಳಿದ ನೆನಪಿಗೋ ಏನೋ ಸದ್ದು ಹಿಡಿದಿಡೋ ಪಿಯಾನೋ ಪೆಡಲ್ ಮೇಲೆ ಕಾಲಿಟ್ರೆ ತಾಳಕ್ಕೆ ತುಳಿಯಾಕೆ ಶುರು ಮಾಡುತ್ತೆ, ಸದ್ದೆಲ್ಲ ಕಲಸುಮೇಲೋಗರ.

ಎಂಸಿಸಿ_ಬ್ಲಾಕ್_ಟೀಚರ್:
ಅದಕ್ಕೇ ಮೊದಲು ಪೆಡಲ್ ತೆಗೆದಿಡಿ ಅನ್ನೋದು. ಆಮೇಲೆ ಕಲಿಯೋವಾಗ ನೆನಪಿಡಿ, ತುಳಿಯೋದು ಸ್ವರದ ಜೊತೆ ಅಲ್ಲ, ಸ್ವರ ಆದ್ಮೇಲೆ. ಹೊಸ ಕಾರ್ಡ್ (ಒಟ್ಟಿಗೆ ನುಡಿಸೋ ಸ್ವರಗಳ ಗುಂಪು) ಒತ್ತೋ ಹೊತ್ತಿಗೆ ಕಾಲು ಮೇಲೆ, ಹಳೇ ಸದ್ದು ನಿಂತ ತಕ್ಷಣ ಕಾಲು ಕೆಳಗೆ. ತಾಳಕ್ಕೆ ಕಾಲು ಹಾಕೋ ಅಭ್ಯಾಸ ಇರೋರಿಗೆ ಇದು ಪೂರ್ತಿ ಉಲ್ಟಾ.

ಶುದ್ಧ_ಗಾಂಧಾರ:
ಯಾಕ್ರೀ ಬೇಕು ಇದೆಲ್ಲ? ಮೀಂಡ್ (ಸ್ವರದಿಂದ ಸ್ವರಕ್ಕೆ ಜಾರೋದು) ಇಲ್ಲ ಗಮಕ ಇಲ್ಲ, ಸ್ವರ ಹಿಡಿದು ನಿಲ್ಲಿಸಕ್ಕೂ ಬರಲ್ಲ. ನಮ್ಮ ಸಂಗೀತ ಕಲ್ತೋರು ಪಿಯಾನೋ ಮುಂದೆ ಕೂತು ಏನ್ ಮಾಡ್ತೀರಿ? ಜೊತೆಗೆ ಅದರ ಶ್ರುತಿನೇ ಸುಳ್ಳು, ಸಪ್ತಕನ ಹನ್ನೆರಡು ಸಮಪಾಲು ಮಾಡಿ ಇಟ್ಟಿರ್ತಾರೆ. ಗಾಂಧಾರ ತಂಬೂರಿ ಜೊತೆ ಇಟ್ಟು ಕೇಳ್ರಿ, ಚುಚ್ಚುತ್ತೆ.

ದುರ್ಗದ_ಗಾಳಿ:
@ಶುದ್ಧ_ಗಾಂಧಾರ ಅಣ್ಣ, ಅವರು ನುಡಿಸ್ತಿರೋದು ಹಾರ್ಮೋನಿಯಂ, ಸಾರಂಗಿ ಅಲ್ಲ. ಹಾರ್ಮೋನಿಯಂನಲ್ಲಿ ಎಲ್ಲೈತೆ ಮೀಂಡು? ಅಂಗಡಿಲಿ ಸಿಗೋ ಹಾರ್ಮೋನಿಯಂ ಕೂಡ ಅದೇ ಹನ್ನೆರಡು ಸಮಪಾಲಿನ ಟ್ಯೂನಿಂಗೇ, ಆ ಗಾಂಧಾರ ಸುಮಾರು 14 ಸೆಂಟ್ (ಪಕ್ಕಪಕ್ಕದ ಎರಡು ಸ್ವರದ ಅಂತರ ನೂರು ಸೆಂಟ್) ಮೇಲಿರೋದು ಎರಡಕ್ಕೂ ಸಮ. ಅದಕ್ಕೇ ಅಲ್ವಾ ಆಕಾಶವಾಣಿಯೋರು 1940ರಲ್ಲಿ ಹಾರ್ಮೋನಿಯಂನೇ ಬ್ಯಾನ್ ಮಾಡಿದ್ದು, 1971ರ ತನಕ ರೇಡಿಯೋ ಒಳಗೆ ಬಿಟ್ಕೊಳ್ಳಲಿಲ್ಲ, ಆಮೇಲೂ ಷರತ್ತು ಹಾಕಿ ಬಿಟ್ರು.

ಶುದ್ಧ_ಗಾಂಧಾರ:
ಹಾರ್ಮೋನಿಯಂ ನಮ್ಮ ನೆಲಕ್ಕೆ ಒಗ್ಗಿರೋ ವಾದ್ಯ, ಪಿಯಾನೋ ಪರದೇಶಿ.

ದುರ್ಗದ_ಗಾಳಿ:
ಹಾರ್ಮೋನಿಯಂ ಪೇಟೆಂಟ್ ಆಗಿದ್ದು ಪ್ಯಾರಿಸ್‌ನಲ್ಲಿ, 1842. ಕಾಲುಪೇಟಿಯಾಗೇ ಬಂದಿದ್ದು, ನೆಲದ ಮೇಲೆ ಕೂತು ನುಡಿಸೋ ಕೈಪೇಟಿ ಆಮೇಲೆ ಕಲ್ಕತ್ತಾದಲ್ಲಿ ಆಗಿದ್ದು. ಪಿಯಾನೋ ಇಟಲಿಲಿ 1700ರ ಆಸುಪಾಸು. ಪರದೇಶಿ ಅಂದ್ರೆ ಎರಡೂ ಪರದೇಶಿ, ಒಂದು ಬೇಗ ಮಠದೊಳಗೆ ಬಂತು ಅಷ್ಟೇ.

ಶುದ್ಧ_ಗಾಂಧಾರ:
ಬಂದಿದ್ದು ಎಲ್ಲಿಂದ ಅಂತ ಅಲ್ಲ, ಬಂದು ಏನಾಯ್ತು ಅನ್ನೋದು ನನ್ನ ಪ್ರಶ್ನೆ. ಗದುಗಿನ ಪುಟ್ಟರಾಜ ಗವಾಯಿಗಳ ಕೈಲಿ ಹಾರ್ಮೋನಿಯಂ ಕೇಳಿ, ಆಮೇಲೆ ಮಾತಾಡಿ.

ಬೆಣ್ಣೆ_ಖಾಲಿ:
ಇಬ್ರೂ ಬೇರೆ ಥ್ರೆಡ್ ಮಾಡ್ಕಳ್ರಪ್ಪಾ. ಅವರು ಎಡಗೈ ಕೇಳಿದ್ರು.

ವೀಣೆ_ಬಿಟ್ಟೋಳು:
ನಾನು ವೀಣೆ ಕಲ್ತೋಳು, ಐವತ್ತಾದ ಮೇಲೆ ಮಗಳ ಪಿಯಾನೋ ಮನೇಲಿ ಧೂಳು ತಿಂತಾ ಇತ್ತು ಅಂತ ಕೂತಿದ್ದು. ನನಗೆ ಎಡಗೈ ಅಷ್ಟು ಕಷ್ಟ ಆಗ್ಲಿಲ್ಲ, ವೀಣೆಲಿ ಎಡಗೈದೇ ಕೆಲಸ ಅಲ್ವಾ, ಹೆಬ್ಬೆರಳು ಕಷ್ಟ ಆಯ್ತು. ಸಾ ರಿ ಗ ಮೂರು ಬೆರಳಲ್ಲಿ ಒತ್ತಿ ಮ ಬಂದಾಗ ಹೆಬ್ಬೆರಳನ್ನ ಮಿಕ್ಕ ಬೆರಳಿನ ಅಡಿಯಿಂದ ನುಗ್ಗಿಸ್ಬೇಕು, ಮಣಿಕಟ್ಟು ಎದ್ದು ಕುಣಿಯಬಾರದು. ಶಂಕರಾಭರಣನ ಬಿಳಿ ಕೀಲಿ ನುಡಿಸೋಕೆ ಎಷ್ಟು ದಿನ ಒದ್ದಾಡಿದೀನೋ. ಆಮೇಲೆ ನಮ್ಮ ಟೀಚರ್ ಹೇಳಿದ್ರು, ಪಿಯಾನೋ ಸಂಗೀತಗಾರ ಶೋಪಾನ್ ತನ್ನ ಶಿಷ್ಯರಿಗೆ ಮೊದಲು ಹೇಳ್ಕೊಡ್ತಿದ್ದ ಸ್ಕೇಲ್ ಬರೀ ಬಿಳಿ ಕೀ ಇರೋ ಸಿ ಮೇಜರ್ ಅಲ್ಲವಂತೆ, ಐದೂ ಕರಿ ಕೀ ಬರೋ ಬಿ ಮೇಜರ್ ಅಂತೆ. ಉದ್ದ ಬೆರಳು ಎತ್ತರದ ಕರಿ ಕೀ ಮೇಲೆ ಕೂರುತ್ತೆ, ಹೆಬ್ಬೆರಳಿಗೆ ಕೆಳಗಡೆ ಜಾಗ ಸಿಗುತ್ತೆ.

ನೀವು ಕರಿ ನಾಲ್ಕಲ್ಲಿ, ಕರಿ ಒಂದರಲ್ಲಿ ನುಡಿಸೋರು. ಕರಿ ಕೀ ಭಯ ನಿಮಗಿಲ್ಲ. ಅದು ದೊಡ್ಡ ಲಾಭ ಕಣ್ರೀ, ಬರೀ ಪಿಯಾನೋ ಕಲ್ತ ಮಕ್ಕಳು ಮೂರು ಕರಿ ಕೀ ನೋಡಿದ್ರೆ ಅಳ್ತಾರೆ.

ಕರಿ_ನಾಲ್ಕು:
ಅಕ್ಕಾ ಬಿ ಮೇಜರ್ ಅಂದ್ರೆ ಸಾ ಎಲ್ಲಿ? ಬಿಳಿ ಏಳಾ?

ವೀಣೆ_ಬಿಟ್ಟೋಳು:
ಹೂಂ, ಬಿಳಿ ಏಳು. ಬಿಲಾವಲ್ (ಎಲ್ಲಾ ಶುದ್ಧ ಸ್ವರ) ಹಿಡೀರಿ ಅಲ್ಲಿಂದ.

ಕರಿ_ನಾಲ್ಕು:
ನುಡಿಸಿ ನೋಡಿದೆ. ನಿಜ, ಕೈ ತಾನೇ ಕೂರುತ್ತೆ. ಆದ್ರೆ ಹಾರ್ಮೋನಿಯಂನಾಗೆ ನಾನು ಹೆಬ್ಬೆರಳು ಎಲ್ಲಿ ಬೇಕೋ ಅಲ್ಲಿ ಹಾಕ್ತೀನಿ, ಕಿರುಬೆರಳು ಇದೆ ಅನ್ನೋದೇ ಮರೆತಿದ್ದೆ.

ಮಂಡಕ್ಕಿ_ಮಿರ್ಚಿ:
ಮಧ್ಯ ಬಾಯಿ ಹಾಕ್ತೀನಿ. ನಾನು ಒಂದು ಅಂಗಡಿಲಿ ಪಿಯಾನೋ ಕೇಳ್ದೆ, 61 ಕೀ ಇರೋದು ಕೊಟ್ಟು ಇದೇ ಪಿಯಾನೋ ಅಂದ್ರು. ತಾಳ ಬರುತ್ತೆ, ನಾಯಿ ಬೊಗಳೋ ಸೌಂಡು ಬರುತ್ತೆ, ಎಲ್ಲಾ ಬರುತ್ತೆ. ಅದ್ರಾಗೆ ಕಲಿಯಾಕೆ ಆಗುತ್ತಾ? ವಾಪಸ್ ತಗಳ್ಳಲ್ಲ ಅಂತಾರೆ.

ದುರ್ಗದ_ಗಾಳಿ:
ಅದು ಕೀಬೋರ್ಡು. ಕಾರ್ಡ್, ಓದೋದು, ಎರಡು ಕೈ ಕೂಡ್ಸೋದು ಅದ್ರಲ್ಲೂ ಕಲೀಬಹುದು. ಕೀ ಹಗುರ ಇರುತ್ತೆ, ಸ್ಪ್ರಿಂಗ್ ಮೇಲೆ ನಿಂತಿರುತ್ತೆ, ಆಮೇಲೆ ನಿಜವಾದ ಪಿಯಾನೋ ಮುಂದೆ ಕೂತ್ರೆ ಬೆರಳು ನೋಯುತ್ತೆ. ತಗೊಳ್ಳೋವಾಗ ಮೂರೇ ಮಾತು ಕೇಳ್ಬೇಕಿತ್ತು: 88 ಕೀ ಇದೆಯಾ, ಹ್ಯಾಮರ್ ಆ್ಯಕ್ಷನ್ (ನಿಜವಾದ ಪಿಯಾನೋ ತರ ಭಾರದ ಕೀ) ಇದೆಯಾ, ಪೆಡಲ್ ಹಾಕೋ ತೂತು ಇದೆಯಾ. ನಾಯಿ ಸೌಂಡ್ ಬೋನಸ್ಸು.

ಮಂಡಕ್ಕಿ_ಮಿರ್ಚಿ:
ತೂತು ಐತೆ.

ಹರಿಹರದ_ಸೇತುವೆ:
ಡಿಜಿಟಲ್ ಯಾಕೆ, ಸೆಕೆಂಡ್ ಹ್ಯಾಂಡ್‌ನಲ್ಲಿ ಒರಿಜಿನಲ್ ಮರದ್ದೇ ಸಿಗುತ್ತಲ್ಲ? ನಮ್ಮ ನೆಂಟರೊಬ್ರು ಬೆಂಗಳೂರಿಂದ ಲಾರಿಲಿ ತರಿಸಿದ್ರು.

ಎಂಸಿಸಿ_ಬ್ಲಾಕ್_ಟೀಚರ್:
ತರಿಸೋದು ಸುಲಭ ಸರ್, ಇಟ್ಕೊಳ್ಳೋದು ಕಷ್ಟ. ಒಳಗಡೆ 230ರ ಆಸುಪಾಸು ತಂತಿ, ಎಲ್ಲದರ ಎಳೆತ ಸೇರಿದ್ರೆ ಹದಿನೈದು ಇಪ್ಪತ್ತು ಟನ್. ಮರದ ಹಲಗೆ ತೇವ ಹೀರ್ಕೊಂಡು ಉಬ್ಬುತ್ತೆ, ಒಣಗಿದ್ರೆ ಕುಗ್ಗುತ್ತೆ, ಶ್ರುತಿ ಹೋಗುತ್ತೆ. ನಮ್ಮೂರ ಏಪ್ರಿಲ್ ಬಿಸಿಲು, ಆಮೇಲೆ ಮಳೆಗಾಲ. ನನಗೆ ಗೊತ್ತಿರೋ ಮನೆಗೆ ಟ್ಯೂನ್ ಮಾಡೋರು ಬೆಂಗಳೂರಿಂದ್ಲೇ ಬರ್ಬೇಕು, ಬಂದು ಹೋಗೋ ಖರ್ಚು ನಿಮ್ಮದೇ. ಮಾಡಿಸದೇ ಬಿಟ್ರೆ ಕರಿ ನಾಲ್ಕು ಸರ್ ಕಿವಿಗೆ ಒಂದು ವಾರನೂ ತಡೆಯಲ್ಲ.

ಹರಿಹರದ_ಸೇತುವೆ:
ನೆಂಟರ ಮನೇಲಿ ಅದರ ಮೇಲೆ ಈಗ ಟಿವಿ ಇಟ್ಟಿದ್ದಾರೆ.

ಬೆಣ್ಣೆ_ಖಾಲಿ:
😂😂

ಸುಮ್ನೆ_ಓದ್ತೀನಿ:
ಕರೆಂಟ್ ಹೋದ್ರೆ ಡಿಜಿಟಲ್ ಪಿಯಾನೋ ಕತೆ?

ದುರ್ಗದ_ಗಾಳಿ:
ಇನ್ವರ್ಟರ್‌ಗೆ ಹಾಕ್ರಿ, ಸಣ್ಣ ಅಡಾಪ್ಟರ್ ಅದು, ಫ್ಯಾನಿನಷ್ಟೂ ತಿನ್ನಲ್ಲ.

ಎಂಸಿಸಿ_ಬ್ಲಾಕ್_ಟೀಚರ್:
ಎಡಗೈಗೆ ವಾಪಸ್ ಬರೋಣ. ನನ್ನತ್ರ ಬರೋ ಹಾರ್ಮೋನಿಯಂ ಮಂದಿಗೆ ನಾನು ಹಿಂಗೆ ಮಾಡಿಸ್ತೀನಿ. ನಿದ್ದೆಗಣ್ಣಲ್ಲೂ ಬರೋ ಒಂದು ವಚನ ತಗೊಳ್ಳಿ, ಬಿಲಾವಲ್ ಥಾಟಿಂದು, ಎಂಟು ಮಾತ್ರೆಯ ಕೆಹರ್ವಾ ತಾಳದ್ದು, ಸಾ ಬಿಳಿ ಒಂದು. ಬಲಗೈ ಅದನ್ನ ಅರ್ಧಕ್ಕರ್ಧ ವೇಗದಲ್ಲಿ ನುಡಿಸ್ಲಿ. ಎಡಗೈ ಕಿರುಬೆರಳು ಕೆಳಗಿನ ಸಾ ಮೇಲೆ, ಹೆಬ್ಬೆರಳು ಪಾ ಮೇಲೆ. ಎಂಟು ಮಾತ್ರೇಲಿ ಒಂದನೇದಕ್ಕೆ ಮಾತ್ರ ಸಾ. ಅಷ್ಟೇ, ಉಳಿದ ಏಳು ಮಾತ್ರೆ ಕೈ ಅಲ್ಲೇ ಸುಮ್ನೆ ಕೂತಿರ್ಬೇಕು, ಅದೇ ಕಷ್ಟ. ಅದು ಬಂದ್ಮೇಲೆ ಒಂದಕ್ಕೆ ಸಾ, ಐದಕ್ಕೆ ಪಾ. ಆಮೇಲೆ ಸಾ-ಗ-ಪ ಮೂರೂ ಒಟ್ಟಿಗೆ, ಹಾಡು ಧೈವತದ ಕಡೆ ಹೋದಾಗ ಮ-ಧ-ಸಾ, ರಿಷಭ ನಿಷಾದದಲ್ಲಿ ನಿಂತಾಗ ಪ-ನಿ-ರೆ. ಎಲ್ಲಿ ಬದಲಿಸ್ಬೇಕು ಅಂತ ನಿಮಗೆ ಯಾರೂ ಹೇಳೋದೇ ಬೇಡ, ಕಿವಿ ಹೇಳುತ್ತೆ. ಮಕ್ಕಳಿಗೆ ಅದನ್ನ ಅರ್ಥ ಮಾಡಿಸೋಕೆ ನನಗೆ ವರ್ಷಗಟ್ಟಲೆ ಹಿಡಿಯುತ್ತೆ.

ಮುಖ್ಯವಾದ್ದು ಇನ್ನೊಂದು. ಎಡಗೈ ಸಣ್ಣಗೆ ಕೇಳಿಸ್ಬೇಕು, ಬಲಗೈ ಮೇಲಿರ್ಬೇಕು. ಹಾರ್ಮೋನಿಯಂನಲ್ಲಿ ಇದು ಸಾಧ್ಯಾನೇ ಇಲ್ಲ, ಒತ್ತಿದ ಎಲ್ಲಾ ಕೀಗೂ ಒಂದೇ ಬಾತೆ ಗಾಳಿ. ಪಿಯಾನೋದಲ್ಲಿ ಹತ್ತು ಬೆರಳಿಗೆ ಹತ್ತು ದನಿ. ಎಡಗೈ ಕೀ ಮೇಲೆ ಬೆರಳು ಇಟ್ಟೇ ನಿಧಾನಕ್ಕೆ ಇಳಿಸಿ, ಬಲಗೈ ಕೀ ಮೇಲೆ ತೋಳಿನ ಭಾರ ಬಿಡಿ. ಮೊದಮೊದಲು ಎರಡೂ ಜೋರಾಗ್ತವೆ, ಇಲ್ಲ ಎರಡೂ ಸಣ್ಣಗಾಗ್ತವೆ.

ಆಮೇಲೆ ಕೂರೋದು. ನೆಲದ ಮೇಲೆ ಕೂತ ಅಭ್ಯಾಸಕ್ಕೆ ಊಟದ ಟೇಬಲ್ ಕುರ್ಚಿ ಹಾಕ್ಕೊಂಡು ಹೆಗಲೆತ್ತಿ ನುಡಿಸ್ತಾರೆ. ಮೊಣಕೈ ಕೀ ಮಟ್ಟಕ್ಕೆ ಬರ್ಬೇಕು, ಕುರ್ಚಿ ಗಿಡ್ಡ ಆದ್ರೆ ದಿಂಬು ಹಾಕ್ಕೊಳ್ಳಿ.

ಕರಿ_ನಾಲ್ಕು:
ಇದು ಬೇಕಾಗಿತ್ತು ನೋಡ್ರಿ ಮೇಡಂ. ಏಳು ಮಾತ್ರೆ ಸುಮ್ನೆ ಕೂತಿರೋದು, ಅಯ್ಯಯ್ಯೋ, ಕೈ ಬಾತೆ ಹುಡುಕುತ್ತೆ!

ಕಾಲುಪೇಟಿ_ಕಾಕಾ:
ನಾನ್ ಹೇಳಿದ್ದೂ ಇದೇ ಸಾ-ಪಾ. ಮೇಡಂ ಹೇಳಿದ್ರೆ ಮಾತ್ರ ಬೇಕಾಗಿತ್ತು ಅಂತೀಯ.

ಕರಿ_ನಾಲ್ಕು:
ಕಾಕಾ ಸಿಟ್ಟಾಗಬೇಡ್ರಿ, ನೀವೇ ಮೊದಲು.

ಹೊಳಲ್ಕೆರೆ_ಲೋಕಲ್:
ಸ್ಟಾಫ್ ನೊಟೇಶನ್ ಬಗ್ಗೆ ಯಾರೂ ಹೇಳ್ಲಿಲ್ಲ. ನನ್ನ ಐಡಿಯಾ, ಪ್ರತಿ ನೋಟ್ ಕೆಳಗೆ ಪೆನ್ಸಿಲ್‌ನಲ್ಲಿ ಸ ರಿ ಗ ಬರ್ಕೊಳ್ಳಿ, ಓದೋ ತಾಪತ್ರಯನೇ ಇಲ್ಲ.

ಎಂಸಿಸಿ_ಬ್ಲಾಕ್_ಟೀಚರ್:
ದಯವಿಟ್ಟು ಬೇಡ. ಬರ್ಕೊಂಡ್ರೆ ಕಣ್ಣು ಅಕ್ಷರನೇ ಓದುತ್ತೆ, ಗೆರೆ ನೋಡೋದೇ ಇಲ್ಲ. ಹಾಡು ಬದಲಾಗಿ ಸಾ ಬೇರೆ ಕಡೆ ಹೋದ್ರೆ ಎಲ್ಲಾ ಅಳಿಸಿ ಮತ್ತೆ ಬರೀಬೇಕು.

ಹೊಳಲ್ಕೆರೆ_ಲೋಕಲ್:
ಮೇಡಂ ನಾನು ಹಂಗೇ ಕಲ್ತೆ, ಇವತ್ತು ಮದುವೆ ಆರ್ಕೆಸ್ಟ್ರಾದಲ್ಲಿ ನುಡಿಸ್ತಿದೀನಿ.

ದುರ್ಗದ_ಗಾಳಿ:
ಆರ್ಕೆಸ್ಟ್ರಾದಲ್ಲಿ ಸ್ಟಾಫ್ ಯಾರ್ ನೋಡ್ತಾರಣ್ಣ, ಮೊಬೈಲಲ್ಲಿ ಹಾಡು ಕೇಳಿ ಸ್ಟೇಜ್ ಹತ್ತೋದು. ಅವರಿಗೆ ಓದಕ್ಕೆ ಬರ್ಬೇಕು ಅನ್ನೋದೇ ಪ್ರಶ್ನೆ. ನಾನು ಗಿಟಾರಿಂದ ಬಂದೋನು, ನನಗೆ ದಾರಿ ಆಗಿದ್ದು ಹಿಂಗೆ: ಮೇಲಿನ ಐದು ಗೆರೆಲಿ ಸುರುಳಿ ಸುತ್ತಿರೋ ಚಿಹ್ನೆ ಇದ್ಯಲ್ಲ, ಅದು ಸುತ್ತೋ ಗೆರೆ, ಕೆಳಗಿಂದ ಎರಡ್ನೇದು, ಜಿ. ಅಂದ್ರೆ ಬಿಳಿ ಐದು. ಕೆಳಗಿನ ಐದು ಗೆರೆಲಿ ಎರಡು ಚುಕ್ಕೆ ಮಧ್ಯ ಸಿಗೋ ಗೆರೆ, ಮೇಲಿಂದ ಎರಡ್ನೇದು, ಎಫ್, ಬಿಳಿ ನಾಲ್ಕು. ಎರಡರ ನಡುವೆ ಒಂಟಿ ಸಣ್ಣ ಗೆರೆ ಮೇಲೆ ಕೂತಿರೋದು ಮಧ್ಯದ ಸಿ. ಇಷ್ಟು ಮೂರು ಗೊತ್ತಿದ್ರೆ ಮಿಕ್ಕಿದ್ದಕ್ಕೆ ಹೆಸರು ಬೇಡ, ಎಷ್ಟು ಮೆಟ್ಟಿಲು ಮೇಲೆ ಎಷ್ಟು ಕೆಳಗೆ ಅಂತ ನೋಡ್ಕೊಂಡು ಹೋಗೋದು. ಗೆರೆಯಿಂದ ಪಕ್ಕದ ಗೆರೆಗೆ ಹಾರಿದ್ರೆ ಸಾ ಇಂದ ಗಾ ಅಷ್ಟು ದೂರ. ಪಲ್ಟಾ (ಸ್ವರ ತಿರುಗಿಸಿ ಮಾಡೋ ಅಭ್ಯಾಸ) ನುಡಿಸಿದ ಕೈಗೆ ಅದು ತಾನೇ ಗೊತ್ತಾಗುತ್ತೆ.

ಕರಿ_ನಾಲ್ಕು:
ಇದು ಹಿಡಿಸ್ತು. ನನ್ನ ನಿಜವಾದ ಕಾಟ ಏನಂದ್ರೆ ಎರಡು ಲೈನ್ ಓದೋ ಹೊತ್ತಿಗೆ ಹಾಡು ಕಿವಿಗೆ ಸಿಕ್ಕಿಬಿಡುತ್ತೆ, ಆಮೇಲೆ ಪುಸ್ತಕ ನೋಡೋದೇ ಇಲ್ಲ, ಬಾಯಿಪಾಠ ನುಡಿಸ್ತೀನಿ. ಆನ್‌ಲೈನ್ ಮೇಡಂ ಪುಸ್ತಕದಾಗೆ ಎಲ್ಲಿದ್ದೀರಿ ತೋರ್ಸಿ ಅಂದ್ರೆ ಗೊತ್ತಿರಲ್ಲ.

ವೀಣೆ_ಬಿಟ್ಟೋಳು:
ಕೇಳೇ ಇಲ್ಲದ, ರಾಗದ ಸುಳಿವೇ ಇಲ್ಲದ ತುಣುಕು ತಗೊಂಡು ಓದಿ. ಕಿವಿಗೆ ಮುಂದೆ ಏನು ಬರುತ್ತೆ ಅಂತ ಊಹೆ ಸಿಗಬಾರ್ದು. ನಾಲ್ಕು ಬಾರ್ (ನಮ್ಮ ತಾಳದ ಆವರ್ತ ಇದ್ದಂಗೆ) ಸಾಕು, ಒಂದೇ ಸಲ ನುಡಿಸಿ ಬಿಟ್ಟುಬಿಡಿ, ಮಾರನೇ ದಿನ ಬೇರೆ.

ಶುದ್ಧ_ಗಾಂಧಾರ:
ಕೇಳಿದ್ದು ಹಿಡಿಯೋದು ಸಂಗೀತಗಾರನ ಸೊತ್ತು. ಅದನ್ನ ಕಾಟ ಅನ್ನೋ ಕಾಲ ಬಂತು.

ಎಂಸಿಸಿ_ಬ್ಲಾಕ್_ಟೀಚರ್:
ಶುದ್ಧ ಗಾಂಧಾರ ಸರ್, ಈ ಮಾತು ನಾನು ಒಪ್ತೀನಿ. ನನ್ನ ಗ್ರೇಡ್ ಐದರ ಮಕ್ಕಳಿಗೆ ಪುಸ್ತಕ ಮುಚ್ಚಿದ್ರೆ ಹುಟ್ಟುಹಬ್ಬದ ಹಾಡು ಬರಲ್ಲ.

ಸುಮ್ನೆ_ಓದ್ತೀನಿ:
ಗ್ರೇಡ್ ಅಂದ್ರಿ, ವಯಸ್ಸಾದೋರು ಪರೀಕ್ಷೆ ಕಟ್ಟಬಹುದಾ?

ಎಂಸಿಸಿ_ಬ್ಲಾಕ್_ಟೀಚರ್:
ಕಟ್ಟಬಹುದು. ಪರೀಕ್ಷೆ ನಡೆಸೋ ಲಂಡನ್ನಿನ ಸಂಸ್ಥೆಗಳು ಎಬಿಆರ್‌ಎಸ್‌ಎಂ, ಟ್ರಿನಿಟಿ ಎರಡರಲ್ಲೂ ವಯಸ್ಸಿನ ಮಿತಿ ಇಲ್ಲ, ಒಂದರಿಂದ ಎಂಟು ಗ್ರೇಡ್, ಒಂದನ್ನೇ ಮೊದಲು ಬರೀಬೇಕು ಅಂತನೂ ಇಲ್ಲ. ಎಬಿಆರ್‌ಎಸ್‌ಎಂನಲ್ಲಿ ಆರು ಮತ್ತೆ ಮೇಲಕ್ಕೆ ಹೋಗೋಕೆ ಐದನೇ ಗ್ರೇಡ್ ಥಿಯರಿ, ಇಲ್ಲ ಅದಕ್ಕೆ ಬದಲು ಅವರು ಒಪ್ಪೋ ಪರೀಕ್ಷೆ ಪಾಸಾಗಿರ್ಬೇಕು, ಟ್ರಿನಿಟಿಲಿ ಆ ಷರತ್ತಿಲ್ಲ. ವಿಡಿಯೋ ಮಾಡಿ ಕಳಿಸೋ ಪರೀಕ್ಷೆನೂ ಇದೆ, ಬೆಂಗಳೂರಿಗೆ ಓಡಬೇಕಾಗಿಲ್ಲ. ಆದ್ರೆ ದೊಡ್ಡೋರು ಪರೀಕ್ಷೆಗೆ ಅಂತ ಮೂರು ಪೀಸ್ ವರ್ಷಪೂರ್ತಿ ಉಜ್ಜೋದು ನನಗೆ ಇಷ್ಟ ಇಲ್ಲ. ಅದು ನನ್ನ ಅಭಿಪ್ರಾಯ.

ಹೊಳಲ್ಕೆರೆ_ಲೋಕಲ್:
ಸರ್ಟಿಫಿಕೇಟ್ ಇಟ್ಕಂಡು ಏನ್ ಮಾಡ್ತೀರಿ ನಲವತ್ಮೂರಕ್ಕೆ.

ಸುಮ್ನೆ_ಓದ್ತೀನಿ:
ಫ್ರೇಮ್ ಹಾಕಿಸ್ತೀನಿ. ನಿಮಗೇನ್ರೀ.

ಬೆಣ್ಣೆ_ಖಾಲಿ:
ಈ ಥ್ರೆಡ್‌ನೋರೆಲ್ಲ ಒಂದು ಭಾನುವಾರ ಸೇರ್ರಿ, ಬೆಣ್ಣೆ ದೋಸೆ ತಿಂದು ಕರಿ ನಾಲ್ಕು ಸರ್ ಮನೇಲಿ ಎಡಗೈ ನೋಡೋಣ.

ದುರ್ಗದ_ಗಾಳಿ:
ದುರ್ಗದಿಂದ ಬರ್ತೀನಿ, ದೋಸೆ ಖರ್ಚು ನಿಮ್ದಾದ್ರೆ.

ಕಾಲುಪೇಟಿ_ಕಾಕಾ:
ದೋಸೆ ತಿಂದ ಜಿಡ್ಡು ಕೈಲಿ ಪೇಟಿ ಮುಟ್ಟಿದ್ರೆ ನಮ್ಮ ಮಾಸ್ತರು ಕೋಲು ತಗೊಳ್ಳೋರು. ಕೈ ತೊಳ್ಕಂಡು ಬರ್ರಿ. ಅಟ್ಟದ ಮೇಲಿನ ಪೇಟಿ ಕೆಳಗೆ ಇಳಿಸು ತಮ್ಮಾ, ಬಾತೆ ನಾನು ಹಚ್ಚಿಕೊಡ್ತೀನಿ. ಚರ್ಮ ಮಾತ್ರ ನೀನು ತರಬೇಕು.

ಕರಿ_ನಾಲ್ಕು:
ಕಾಕಾ ನಿಜವಾಗ್ಲೂ ಬರ್ತೀರಾ? ಮೆಸೇಜ್ ಮಾಡ್ತೀನಿ.

ಎಲ್ಲರಿಗೂ ಸುದ್ದಿ: ಒಂದಕ್ಕೆ ಸಾ, ಐದಕ್ಕೆ ಪಾ ತನಕ ಬಂದಿದೀನಿ. ಹಾಡ್ತಾ ನುಡಿಸಿದ್ರೆ ತಪ್ಪಲ್ಲ, ಬಾಯಿ ಮುಚ್ಚಿದ್ರೆ ತಪ್ಪುತ್ತೆ, ಯಾಕೋ ಗೊತ್ತಿಲ್ಲ. ಮಕ್ಕಳ ಪದ್ಯನೂ ನುಡಿಸ್ತಿದೀನಿ ಮೇಡಂ, ಹೆಡ್‌ಫೋನ್ ಹಾಕ್ಕಂಡು, ಮನೆಯೋರಿಗೆ ಕೇಳಿಸ್ದಂಗೆ. ಪೆಡಲ್ ಇವತ್ತು ಮತ್ತೆ ಹಾಕಿದೆ. ಟೈಲ್ಸ್ ಮೇಲೆ ಜಾರಿ ಜಾರಿ ಗೋಡೆ ತನಕ ಹೋಗುತ್ತೆ, ಕಾಲು ಅದರ ಹಿಂದೆ. ಏನು ಮಾಡ್ಬೇಕು?

ಹರಿಹರದ_ಸೇತುವೆ:
ಕೆಳಗೆ ಚಾಪೆ ಹಾಕ್ರಿ.

ದುರ್ಗದ_ಗಾಳಿ:
ಚಾಪೆನೂ ಜೊತೆಗೇ ಜಾರುತ್ತೆ. ಪಂಕ್ಚರ್ ಅಂಗಡಿಲಿ ಬೈಕಿನ ಹಳೇ ಟ್ಯೂಬ್ ಕೇಳ್ರಿ, ಸುಮ್ನೆ ಕೊಡ್ತಾರೆ. ಪೆಡಲ್ ಅಗಲಕ್ಕೆ ಕತ್ತರಿಸಿ ಅಡಿಗೆ ಅಂಟಿಸ್ರಿ, ಅಲ್ಲಾಡಲ್ಲ.